ಪ್ರಭುಭೋಜನಕ್ಕೆ ಕಾಯಿಸಿದ ಸೇಬಿನ ಬೆಣ್ಣೆ

ಪೆನ್ಸಿಲ್ವೇನಿಯಾ,
ಮಂಗಳವಾರ, ೨೧ ಅಕ್ಟೋಬರ್ ೧೯೫೮

ಪ್ರೀತಿಯ ಕೆಟೂರಾ,

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ಒಹಾಯೋ ಸೇರಿದ ಮೇಲೆ ನಿನಗೂ ಸಲಿಗೆಯಿಂದ ಬೈಯಲು ಬೇರೆ ಯಾರಿದ್ದಾರೆ? ನಿನ್ನ ಸೊಂಟ ಹೇಗಿದೆ? ನನ್ನ ಮಂಡಿ ಹಾಗೇ ಇದೆ. ನಮ್ಮ ಯಜಮಾನರು ಮುಸುಕಿನ ಜೋಳದ ಕೆಲಸ ಮುಗಿಸಿ, ಈಗ ಕುದುರೆಯ ಲಾಳ, ಬೇಲಿಯ ಗೂಟ ಅಂತ ಓಡಾಡುತ್ತಿದ್ದಾರೆ. ಮನೆಯೊಳಗೆ ಮಾತ್ರ ಕೂರುವುದಿಲ್ಲ.

ನನ್ನ ಮಗಳು ಎಲ್ವಾಳ ಸುದ್ದಿ ನಿನ್ನ ಕಿವಿಗೂ ಬಿದ್ದಿರಬೇಕು. ದೀಕ್ಷಾಸ್ನಾನವಾದ ಹುಡುಗಿ, ಸಭೆಯ ಹೊರಗಿನ ಹಾಲಿನ ಲಾರಿಯವನ ಹಿಂದೆ ಹೋಗಿ ಬಹಿಷ್ಕಾರ ಹಾಕಿಸಿಕೊಂಡು ನಾಲ್ಕು ವರ್ಷವಾಗಿತ್ತಲ್ಲ. ಮೊದಲ ಸಲ ಮನೆಗೆ ಬಂದಾಗ ಅವನು ಜಾಡಿಯೊಳಗಿನ ಕಂದು ಲೇಹ್ಯ ನೋಡಿ, "ಇದು ಬರೀ ಸೇಬು. ಇದ್ರಲ್ಲಿ ಬೆಣ್ಣೆ ಎಲ್ಲಿದೆ?" ಎಂದು ಕೇಳಿದ್ದ. ಆಗಲೇ ನಾನು ಅವನನ್ನು ಅಳೆದಿದ್ದೆ. ಹೋದ ಚಳಿಗಾಲ ಅವನು ಜ್ವರದಲ್ಲಿ ತೀರಿಕೊಂಡ. ಆಗಸ್ಟ್ ಕೊನೆಗೆ ಇವಳು ಒಂದು ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಬಿಷಪ್ ಯೋಸ್ಟ್ ಅವಳಿಗೆ ಕರುಣೆ ತೋರಿಸಿದರು. ಪ್ರಭುಭೋಜನದ ಭಾನುವಾರದವರೆಗೆ ತಗ್ಗಿ ಬಗ್ಗಿ ನಡೆದರೆ ಅಂದು ಸಭೆಯ ಮುಂದೆ ಮೊಣಕಾಲೂರಬಹುದು, ಮತ್ತೆ ನಮ್ಮವಳಾಗಬಹುದು. ಅಲ್ಲಿಯವರೆಗೆ ನಮ್ಮ ಜೊತೆ ಉಣ್ಣುವಂತಿಲ್ಲ, ಸಭೆಯವರು ತಿನ್ನುವುದರಲ್ಲಿ ಕೈ ಇಡುವಂತಿಲ್ಲ. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ ಎಂದರು. ಅಡುಗೆಮನೆಯಲ್ಲಿ ಅವಳಿಗೆ ಬೇರೆ ಮೇಜು ಹಾಕಿದೆ. ಎರಡು ಮೇಜಿನ ನಡುವೆ ಒಂದು ಬೆರಳು ಸಂದಿಯಿದ್ದರೆ ಸಾಕೆಂದು ಎಲ್ಲರೂ ಹೇಳುತ್ತಾರೆ. ನಾನು ಒಂದು ಮೊಳ ಬಿಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿ ಆರು ವಾರ ಉಂಡಳು, ಒಂದು ದಿನವೂ ಗೊಣಗಲಿಲ್ಲ.

ಆ ಭಾನುವಾರದ, ಅಂದರೆ ಹತ್ತೊಂಬತ್ತನೇ ತಾರೀಕಿನ, ಊಟಕ್ಕೆ ಬ್ರೆಡ್ಡಿನ ಮೇಲೆ ಸವರಲು ಸೇಬಿನ ಬೆಣ್ಣೆ ಈ ಸಲ ನಮ್ಮ ಮನೆಯದು. ಒಂಬತ್ತನೇ ತಾರೀಕು ಕಾಯಿಸಿದೆವು. ಹಿಂದಿನ ದಿನ ಎಂಟು ಜನ ಹೆಂಗಸರು ಕೂತು ಸಿಪ್ಪೆ ತೆಗೆದು ಹೆಚ್ಚಿದ್ದರು. ವಿನೆಗರ್, ಉಪ್ಪು ಹಾಕಿ ತಾಮ್ರದ ಹಂಡೆ ಉಜ್ಜಿ ಮುಖ ಕಾಣುವಂತೆ ಮಾಡಿದ್ದೆ. ಬೆಳಕು ಹರಿಯುವಾಗ ಸೇಬಿನ ರಸ ಒಲೆಗೇರಿತು. ಅದು ಅರ್ಧಕ್ಕಿಳಿದ ಮೇಲೆ ಹೋಳು ಹಾಕಿದೆವು. ಹೋಳು ಬಿದ್ದ ಮೇಲೆ ಕಲಕುವ ಮರದ ಹುಟ್ಟು ನಿಲ್ಲಬಾರದು, ನಿನಗೆ ಗೊತ್ತು: ಅಂಚಿಗೆ ಎರಡು ಸುತ್ತು, ನಡುವೆ ಒಂದು ಸಲ. ನನ್ನ ನಾದಿನಿ ಲವೀನಾ, ಸಭೆಯ ಡೀಕನ್ನನ ಹೆಂಡತಿ, ಹುಟ್ಟು ತಿರುಗಿಸುವುದು ಕಂಡರೆ ನನಗೆ ಮೈ ಉರಿಯುತ್ತದೆ. ದನಕ್ಕೆ ಕಲಗಚ್ಚು ಕಲಸಿದ ಹಾಗೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಒಳಗೆ ಹೋದರು. ಹಂಡೆಯ ಹತ್ತಿರ ನಾನಿದ್ದೆ. ಎಲ್ವಾ ಆಚೆ ಕಟ್ಟಿಗೆ ರಾಶಿಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಸರದಿಯವರನ್ನು ಕರೆಯಲು ನಾನು ಒಳಗೆ ಹೋದೆ. ಲವೀನಾ ಹೊರಗೆ ಬಂದು ನೋಡುತ್ತಾಳೆ, ಹುಟ್ಟು ಎಲ್ವಾಳ ಕೈಯಲ್ಲಿ.

"ಯಾರೇ ಕೊಟ್ಟಿದ್ದು ನಿಂಗೆ ಅದನ್ನ?"

"ಯಾರೂ ಕೊಟ್ಟಿಲ್ಲ ಅತ್ತೆ. ತಳ ಹಿಡೀತಿತ್ತು. ನಾನೇ ತಗೊಂಡೆ."

"ತಳ ಹಿಡಿದ್ರೆ ಹಿಡೀಲಿ. ಭಾನುವಾರ ನೂರು ಜನ ತಿನ್ನೋದು ಇದನ್ನ. ಆರು ವಾರ ಕೈ ಕಟ್ಕೊಂಡು ಇರಕ್ಕಾಗ್ಲಿಲ್ವಾ ನಿಂಗೆ? ಅತ್ತಿಗೆ, ಬಾ ಇಲ್ಲಿ, ನಿನ್ ಮಗಳ ಪಶ್ಚಾತ್ತಾಪ ನೋಡು."

ಹೆಂಗಸರೆಲ್ಲ ಬಂದು ಸುತ್ತ ನಿಂತರು. ತಾಯಿ ಮೆತ್ತಗಾದಳು ಎನ್ನಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ. "ಹಂದಿಗೆ ಸುರೀರಿ," ಎಂದೆ. ಅದನ್ನೂ ಅವಳಿಂದಲೇ ಹೊರಿಸಿದೆ. ಕುದಿಯುವುದು ಆರುವ ತನಕವೂ ಕಾಯಲಿಲ್ಲ. ಒಂದೊಂದೇ ಬಕೆಟ್ಟು, ಹದಿನಾಲ್ಕು ಸಲ, ಎಲ್ಲರ ಕಣ್ಣೆದುರು. ಮುಂಗೈ ಸುಟ್ಟುಕೊಂಡಳು. ಯಾರೂ ಹತ್ತಿರ ಹೋಗಲಿಲ್ಲ. ನಾನು ಎಣಿಸುತ್ತಾ ನಿಂತಿದ್ದೆ.

ಮರುದಿನ ಶುಕ್ರವಾರ ಬಿಷಪ್ಪರು ಬಂದು, ಮನಸ್ಸಿನ್ನೂ ಬಗ್ಗಿಲ್ಲವೆಂದು ತೀರ್ಪು ಕೊಟ್ಟರು. ಶನಿವಾರ ಬೆಳಿಗ್ಗೆ ಎಲ್ವಾ ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ಒಳ್ಳೆಯದೇ ಆಯಿತು. ಒಂದು ಹುಟ್ಟನ್ನು ಮುಟ್ಟದೆ ಇರಲಾರದವಳು ಜೀವಮಾನವಿಡೀ ಸಭೆಯ ಕಟ್ಟಳೆ ಪಾಲಿಸುತ್ತಿದ್ದಳೇ? ನೀನೇ ಹೇಳು. ನಮ್ಮ ಯಜಮಾನರು ಮಾತ್ರ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಗಂಡಸರಿಗೆ ಮಗಳ ವಿಷಯದಲ್ಲಿ ಎದೆ ಗಟ್ಟಿಯಿಲ್ಲ.

ಹದಿನಾಲ್ಕನೇ ತಾರೀಕು ಮತ್ತೆ ಹಂಡೆ ಏರಿಸಿದೆವು. ಭಾನುವಾರ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. "ಸವಿಲ್ಲಾನ ಕೈ ಅಂದ್ರೆ ಕೈ," ಎಂದು ಲವೀನಾಳೇ ಹೇಳಿದಳು.

ಮಕ್ಕಳು ಮೊಮ್ಮಕ್ಕಳೊಂದಿಗೆ ನೀನು ಚೆನ್ನಾಗಿರು. ದೇವರು ನಿನ್ನ ಮನೆಯ ಹೊಸ್ತಿಲು ಕಾಯಲಿ. ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಡು, ಬಿಡಬೇಡ.

ನಿನ್ನ,
ಸವಿಲ್ಲಾ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಒಡೆದಿದ್ದೇನೆ. ಹುಟ್ಟನ್ನು ಎಲ್ವಾ ತಾನಾಗಿ ತೆಗೆದುಕೊಳ್ಳಲಿಲ್ಲ. ನಾನೇ ಕೊಟ್ಟೆ. ಹಸಿವಾಗಿತ್ತು, ಮಂಡಿ ಎಳೆಯುತ್ತಿತ್ತು, ಸರದಿ ಲವೀನಾಳದ್ದಾಗಿತ್ತು, ಅವಳ ಕೈಗೆ ಹೋದರೆ ತಳ ಹಿಡಿಯುವುದು ಖಂಡಿತ. ಎಲ್ವಾ, "ಬೇಡವ್ವಾ, ಯಾರಾದ್ರೂ ನೋಡ್ತಾರೆ," ಎಂದಳು. "ನಿನ್ ಅವ್ವ ಹೇಳ್ತಿದೀನಿ, ಹಿಡಿ," ಎಂದೆ. ಒಳಗೆ ಹೋಗಿ ಯಾರನ್ನೂ ಕರೆಯಲಿಲ್ಲ, ಕೂತು ಉಂಡೆ.

ಲವೀನಾ ಕೇಳಿದಾಗ ಎಲ್ವಾ ನನ್ನನ್ನೇ ನೋಡಿದಳು. ನಾನು ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದೆ. ಎಷ್ಟು ಹೊತ್ತು ಕಾದಳೋ. ನಾನು ಏಪ್ರನ್ನಿನ ಕಲೆ ಉಜ್ಜುತ್ತಿದ್ದೆ. ಆಮೇಲೆ, "ನಾನೇ ತಗೊಂಡೆ," ಎಂದಳು.

ಬಸ್ಸಿಗೆ ಕಾಯುವಾಗ ಒಂದೇ ಮಾತು ಆಡಿದಳು. "ಒಪ್ಕೊಂಡಿದ್ರೆ ನಿಂಗೆ ಆರು ವಾರ ಬೇರೆ ಮೇಜು, ಅಷ್ಟೇ ಅಲ್ವಾ ಅವ್ವಾ?" ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು.

ನಿಜ ಹೇಳಬೇಕೆಂದು ಬಿಷಪ್ಪರ ಮನೆಗೆ ಎರಡು ಸಲ ಹೋದೆ. ಎರಡು ಸಲವೂ ಅವರ ಹೆಂಡತಿಯ ಕೈಗೆ ಒಂದು ಜಾಡಿ ಸೇಬಿನ ಬೆಣ್ಣೆ ಕೊಟ್ಟು ಬಂದೆ.