ಹಿಂಚಕ್ರದ ಪರೀಕ್ಷೆ

ಫೆಬ್ರವರಿ 6, ಗುರುವಾರ. ಸಂಜೆ.

ಜ್ಯಾಕ್ ಏರಿಸಿದೆ. ಎಡಗಡೆಯ ಹಿಂಚಕ್ರ ನೆಲ ಬಿಟ್ಟಿತು. ಉಳಿದ ಮೂರು ನೆಲದ ಮೇಲೆ. ಗೇರ್ ಹಾಕಿದೆ, ಹ್ಯಾಂಡ್‌ಬ್ರೇಕ್ ಬಿಟ್ಟೆ. ವಾಚ್‌ಮನ್ ಬಂದು ಇಣುಕಿದ. "ಪಂಕ್ಚರ್ ಹೈ ಕ್ಯಾ, ದೀದಿ?" ಪಂಕ್ಚರ್! ಮೆಕ್ಯಾನಿಕಲ್‌ನಲ್ಲಿ ಇಡೀ ಕಾಲೇಜಿಗೆ ಮೊದಲು ಬಂದವಳು ಪಂಕ್ಚರಿಗಾಗಿ ಪಾರ್ಕಿಂಗಿನಲ್ಲಿ ಮಲಗುವುದಿಲ್ಲ.

ವಿಷಯ ಗಂಭೀರ. ಅಪ್ಪನ ಹಳೆಯ ಫೋರ್ ವ್ಹೀಲ್ ಡ್ರೈವ್ ತಿರುವಿನಲ್ಲಿ ಬಿಗಿಯುತ್ತದೆಂದು ಪಕ್ಕದ ಮನೆಯ ಶ್ರೀಶೈಲ ಕಾಕಾ ಅನುಮಾನ ಹುಟ್ಟಿಸಿದ್ದಾರೆ. ಮುಂದಿನ, ಹಿಂದಿನ ಚಕ್ರಗಳ ನಡುವೆ ವಿಸ್ಕಸ್ ಕಪ್ಲಿಂಗ್ ಎಂಬ ಡಬ್ಬಿ. ಒಳಗೆ ಮಂದವಾದ ಎಣ್ಣೆ. ಹಳತಾದರೆ ಅದು ಸಡಿಲವಾಗುವುದಿಲ್ಲ, ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಗೇರ್‌ಬಾಕ್ಸೂ ಹಾಳು. ಬದಲಿ ಡಬ್ಬಿ ಎಲ್ಲಿಯೂ ಸಿಗದು. ಆಮೇಲೆ ಗಾಡಿ ಕುರ್ಲಾದ ಪರಪ್ಪನ ಭಂಗಾರದ ಅಂಗಡಿಗೆ, ಅಂದರೆ ಗುಜರಿಗೆ. ಅಪ್ಪ ನಿರ್ಧಾರವನ್ನು ನನಗೇ ಬಿಟ್ಟಿದ್ದಾರೆ.

"ಇರಬೇಕೋ ಹೋಗಬೇಕೋ ನೀನ ಹೇಳು. ನೀ ಅಂದಿದ್ದ ಫೈನಲ್."

ವಿಧಾನ: ಚಕ್ರದ ನಟ್ಟಿಗೆ ಉದ್ದನೆಯ ಪಾನಾ, ಅಂದರೆ ಸ್ಪ್ಯಾನರ್; ಅದರ ತುದಿಗೆ ಐದು ಕಿಲೋ ತೂಕ. ಪಾನಾ ಮೆಲ್ಲಗೆ ಕೆಳಗಿಳಿಯಬೇಕು. ಹೆಚ್ಚು ಹೊತ್ತು ಹಿಡಿದರೆ ಕಪ್ಲಿಂಗ್ ಗಟ್ಟಿಯಾಗಿದೆ ಎಂದರ್ಥ. ತೂಕಕ್ಕೆ ಅವ್ವನ ಜೋಳದ ಹಿಟ್ಟಿನ ಪ್ಯಾಕೆಟ್, ಕೈಚೀಲದಲ್ಲಿ. ಪ್ಯಾಕೆಟ್ಟಿನ ಮೇಲೆ ಮುದ್ರಿತವಾಗಿಯೇ ಇದೆ — 5 ಕೆ.ಜಿ.

ಮೂವತ್ತೆಂಟು ಸೆಕೆಂಡ್. ಅತ್ಯುತ್ತಮ. ಆದರೆ ಒಂದೇ ಅಳತೆಯನ್ನು ನಂಬುವವರು ಎರಡನೆಯ ಸ್ಥಾನ ಪಡೆಯುತ್ತಾರೆ. ನಾಳೆ ಮತ್ತೆ.

ಫೆಬ್ರವರಿ 7, ಶುಕ್ರವಾರ.

ನಲವತ್ತೈದು. ವಿಚಿತ್ರ...

ಚೀಲ ಕೈಗೆ ಹಗುರವೆನಿಸಿತು. ಯೋಗಾಭ್ಯಾಸ ಫಲ ಕೊಡುತ್ತಿದೆ.

ಫೆಬ್ರವರಿ 8, ಶನಿವಾರ.

ಐವತ್ತಾರು. ಗ್ರಾಫ್ ಎಳೆದೆ. ಮೂರು ಬಿಂದು, ಬಹುತೇಕ ಸರಳರೇಖೆ. ಗಾಡಿ ನಿಂತಲ್ಲೇ ನಿಂತಿದ್ದರೂ ಕಪ್ಲಿಂಗ್ ದಿನದಿನಕ್ಕೆ ಗಟ್ಟಿಯಾಗುತ್ತಿದೆ! ಎಣ್ಣೆಯ ರಾಸಾಯನಿಕ ವಿಘಟನೆ ಇರಬೇಕು. ಬಹುಶಃ ಇದುವರೆಗೆ ಯಾರೂ ಗಮನಿಸಿಲ್ಲ. ಪ್ರಬಂಧ ಬರೆಯಬಹುದು.

ಊಟದ ಹೊತ್ತಿಗೆ ತೀರ್ಪು ಕೊಟ್ಟೆ: ಗಾಡಿ ಹೋಗಬೇಕು. ಅಪ್ಪನ ಕೈಯ ತುತ್ತು ಅಲ್ಲಿಯೇ ನಿಂತಿತು.

"ಖರೇನ?"

"ಗ್ರಾಫ್ ನೋಡಪ್ಪಾ."

ನೋಡಿದರು. ತಲೆಯಾಡಿಸಿದರು. ಅರ್ಥವಾದಂತೆ ಕಾಣಲಿಲ್ಲ, ನಂಬಿದಂತೆ ಕಂಡಿತು. ಆಮೇಲೆ ಕೆಳಗೆ ಹೋಗಿ ಗಾಡಿಯಲ್ಲಿ ಕುಳಿತರು. ಸ್ಟಾರ್ಟ್ ಮಾಡಲಿಲ್ಲ. ಸುಮ್ಮನೆ ಸ್ಟಿಯರಿಂಗ್ ಹಿಡಿದು.

ಫೆಬ್ರವರಿ 9, ಭಾನುವಾರ.

ಮಾಟುಂಗದ ಕನ್ನಡ ಸಂಘದಲ್ಲಿ ಕಾರ್ಯಕ್ರಮ. ಅಪ್ಪ ಫೋನಿನಲ್ಲಿ ನನ್ನ ಗ್ರಾಫನ್ನು ಎಲ್ಲರಿಗೂ ತೋರಿಸಿದರು. "ನನ್ನ ಮಗಳು ತಗದದ್ದು. ಗಾಡಿ ಯಾವಾಗ ಸಾಯತೈತಿ ಅಂತ ಲೈನ್ ಹೊಡದಾಳ!" ಅಪ್ಪನ ಗೆಳೆಯ ಮುರಿಗೆಪ್ಪ ಕಾಕಾ ಹಿಂದೆ ಸರಿದರು. "ಯಪ್ಪಾ, ನಂದು ತಗೀಬ್ಯಾಡವಾ. ಶುಗರ್ ಟೆಸ್ಟ್ ಒಂದ ಸಾಕಾಗೇತಿ."

ಪರಪ್ಪನಿಗೆ ಅಲ್ಲಿಂದಲೇ ಫೋನ್ ಹೋಯಿತು. ಮುಂದಿನ ಭಾನುವಾರ ಒಯ್ಯುತ್ತಾನೆ.

ಫೆಬ್ರವರಿ 12, ಬುಧವಾರ.

ಬೆಳಿಗ್ಗೆ ಅವ್ವ, ಅಡಿಗೆಮನೆಯಿಂದ:

"ಸ್ನೇಹಲ್, ನಿನ್ನ ಟೆಸ್ಟಿನ ಹಿಟ್ಟ ಮುಗೀತು ನೋಡ. ಬರೋವಾಗ ಇನ್ನೊಂದ ಪ್ಯಾಕೆಟ್ ತಾ."

"ಮುಗೀತಂದ್ರ?"

"ಮುಗೀತಂದ್ರ ಮುಗೀತು. ದಿನಾ ರೊಟ್ಟಿ ಎದರ್ಲೆ ಬಡೀತೇನಿ, ನಿನ್ನ ಗ್ರಾಫಿನ್ಲೆ?"

"ಅವ್ವಾ! ಅದು ತೂಕದ್ದು!"

"ಟೆಸ್ಟ್ ಮುಗಿಸಿ ನೀನ ತಂದು ಕಟ್ಟಿ ಮ್ಯಾಲ ಇಡ್ತಿದ್ದಿ. ಕಟ್ಟಿ ಮ್ಯಾಲಿಂದು ಅಡಗಿಗೆ. ಗುರುವಾರದಿಂದ ಅದನ್ನ ತಿನ್ನಾಕತ್ತೇವಿ. ಚೊಲೋ ಆಗ್ಯಾವ ಅಂತ ಇನ್ನೊಂದ ಹಾಕಿಸ್ಕೊಂಡಾಕಿ ಯಾರು?"

ಕುಳಿತುಕೊಂಡೆ.

ಗಟ್ಟಿಯಾದದ್ದು ಕಪ್ಲಿಂಗ್ ಅಲ್ಲ. ತೂಕ ಕರಗಿದೆ, ಪಾನಾ ನಿಧಾನವಾಗಿದೆ. ಮಾಟುಂಗದವರೆಲ್ಲ ಮೆಚ್ಚಿದ ಆ ರೇಖೆ ನಮ್ಮ ಮನೆಯ ಹಸಿವಿನ ರೇಖೆ.

ಫೆಬ್ರವರಿ 13, ಗುರುವಾರ.

ಹೊಸ ಪ್ಯಾಕೆಟ್. ಈ ಬಾರಿ ತಕ್ಕಡಿಯಲ್ಲಿ ತೂಗಿದೆ. ಮೂವತ್ತೆಂಟು. ಮತ್ತೆ ಮೂವತ್ತೆಂಟು. ಕಪ್ಲಿಂಗ್ ನನಗಿಂತ ಆರೋಗ್ಯವಾಗಿದೆ.

ಊಟದ ಹೊತ್ತಿಗೆ ಹೇಳುತ್ತೇನೆ.

ಫೆಬ್ರವರಿ 14, ಶುಕ್ರವಾರ.

ಹೇಳಲಿಲ್ಲ. ತಲೆನೋವಿತ್ತು. ನಿಜವಾದದ್ದೇ.

ಫೆಬ್ರವರಿ 16, ಭಾನುವಾರ. ಬೆಳಿಗ್ಗೆ.

ಟ್ರಕ್ ಬಂದಿದೆ. ಮೂರನೆಯ ಮಹಡಿಯ ಕಿಟಕಿಯಿಂದ ಎಲ್ಲವೂ ಕಾಣುತ್ತಿದೆ, ಕೇಳುತ್ತಿದೆ. ಪರಪ್ಪ ಸರಪಳಿ ಬಿಚ್ಚುತ್ತಿದ್ದಾನೆ. ಅಪ್ಪ ಗಾಡಿಯ ಗಾಜು ಒರೆಸುತ್ತಿದ್ದಾರೆ.

"ಸಾವ್ಕಾರ್ರ, ಒಡಿಯೋ ಗಾಡಿ ಒರಸ್ತೀರೇನ್ರಿ?"

"ಸುಮ್ನಿರೋ ಮಾರಾಯಾ."

"ಎಂಜಿನ್ ಆವಾಜ್ ಮಸ್ತ್ ಐತ್ರಿ. ಇನ್ನೊಮ್ಮೆ ಯಾರಿಗರೆ ತೋರಸ್ರಿ."

"ಯಾರಿಗೂ ಬ್ಯಾಡ. ನನ್ನ ಮಗಳ ಲೆಕ್ಕಾ ತಪ್ಪಂಗಿಲ್ಲ."

ಎರಡು ವಾಕ್ಯಗಳ ಕರಡು ಮಾಡಿದ್ದೇನೆ. ಒಂದು: "ಪ್ರಯೋಗದಲ್ಲಿ ದೋಷ ಕಂಡುಬಂದಿದೆ." ಯಾರು ಮಾಡಿದ ದೋಷವೆಂದು ತಿಳಿಯುವುದಿಲ್ಲ, ಘನವಾದ ವಾಕ್ಯ. ಎರಡು: "ಮಾಪನದ ತೂಕದಲ್ಲಿ ಅನಿರೀಕ್ಷಿತ ವ್ಯತ್ಯಯ..."

"ನಾ ಹೇಳ್ಲೇನ?" — ಅವ್ವ, ಹಿಟ್ಟಿನ ಕೈಯಲ್ಲಿ.

"ಬ್ಯಾಡ."

ಕೊಕ್ಕೆ ಬಂಪರಿನ ಹತ್ತಿರ ಬಂತು. ಮೆಟ್ಟಿಲಿಳಿಯುವಷ್ಟರಲ್ಲಿ ಗಾಡಿ ಗೇಟು ದಾಟಿರುತ್ತದೆ. ಇಲ್ಲಿಂದಲೇ ಕೂಗಿದರೆ ಅಪ್ಪನ ಜೊತೆ ಇಡೀ ಸೊಸೈಟಿ ಕೇಳುತ್ತದೆ, ವಾಚ್‌ಮನ್ ಸಹಿತ.

ಕೂಗುವುದೇ. ಕರಡು ಬೇಡ. "ಅಪ್ಪಾ, ತಡಿ! ಗಾಡಿ ಚೊಲೋ ಐತಿ! ತಪ್ಪಿದ್ದು ನನ್ನ ಲೆಕ್ಕಾ!"