ಬಂದವರ ಕೈಯ ಬೂತಾಯಿ

ಬೋವಿಕಾನ
11-10-2025, ಶನಿವಾರ

ನನ್ನ ಮುದ್ದಿನ ಪೂಜಾಶ್ರೀಗೆ ಅಜ್ಜಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗುಂಟು? ಕಣ್ಣೂರಿನ ಹಾಸ್ಟೆಲ್ಲಿನಲ್ಲಿ ಕುಡಿಯಲು ಬಿಸಿನೀರು ಸಿಗುತ್ತದೋ ಇಲ್ಲವೋ? ನರ್ಸಿಂಗ್ ಕಲಿಯುವವಳೇ ಕೆಮ್ಮುತ್ತಾ ಕೂತರೆ ರೋಗಿಗಳ ಗತಿ ಏನು! ನನ್ನ ಗಂಟುನೋವು ಅದರ ಪಾಡಿಗೆ ಇದೆ. ಫೋನಿನಲ್ಲಾದರೆ 'ಅಜ್ಜಿ, ಕ್ಲಾಸಿಗೆ ಹೊತ್ತಾಯ್ತು' ಎಂದು ಅರ್ಧಕ್ಕೇ ಇಡುತ್ತೀ. ಅದಕ್ಕೇ ಈ ಕಾಗದ.

ವಿಷಯ ಪಿಂಟುವಿನದ್ದು. ನೀನು ಹಟ ಮಾಡಿ ಅವನನ್ನು ನಾಯಿ ಸಾಕಿ ಮಾರುವ ಕೆನಲ್‌ನಿಂದ ತಂದೆ, ನಾಲ್ಕೇ ದಿನಕ್ಕೆ ಕಾಲೇಜಿಗೆ ಹೊರಟುಹೋದೆ. ಹತ್ತು ತಿಂಗಳು ಸಿಮೆಂಟಿನ ಗೂಡಿನಲ್ಲೇ ಬೆಳೆದ ನಾಯಿ. ಹುಲ್ಲಿನ ಮೇಲೆ ಕಾಲಿಡಲೂ ಹೆದರಿಕೆ. ಕುಕ್ಕರ್ ಕೂಗಿದರೆ ಸಾಕು, ಬಚ್ಚಲಿನ ಹಂಡೆಯ ಹಿಂದೆ ಹೋಗಿ ಮುದುಡುತ್ತಿದ್ದ. 'ಒಂದು ತಿಂಗಳು ನೋಡುವ, ಜನರನ್ನು ಕಂಡು ಹೀಗೇ ನಡುಗುವುದಾದರೆ ವಾಪಸು ಕೊಡುವುದೇ' ಎಂದು ನಿನ್ನಪ್ಪ ಹೇಳಿದ್ದು ನೆನಪುಂಟಲ್ಲ. ನಾಳೆಗೆ ತಿಂಗಳು ತುಂಬುತ್ತದೆ. ಕೆನಲ್ ನಡೆಸುವ ವಿಜೇತನಿಗೆ ಬರಲೂ ಹೇಳಿಯಾಗಿದೆ.

ಮೊದಲ ವಾರ ಕೆಡಿಸಿದ್ದು ನಾನೇ, ಒಪ್ಪಿಕೊಳ್ಳುತ್ತೇನೆ. ಮನೆಗೆ ಹೊಸಬರು ಬಂದರೆ ಉಪಚಾರ ಮಾಡದೆ ಬಿಡುವ ಜನವೇ ನಾವು? ನೆರೆಕರೆಯವರನ್ನೆಲ್ಲ ಕರೆದೆ. ಒಬ್ಬರಾದ ಮೇಲೊಬ್ಬರು ಬಗ್ಗಿ, ತಲೆ ಸವರಿ, ಬಾಯಿಗೆ ಬಿಸ್ಕತ್ತು ತುರುಕಿ, 'ತಿನ್ನು ಮಗಾ, ನಾಚಿಕೆ ಎಂತದ್ದು' ಎಂದು ಒತ್ತಾಯಿಸಿದ್ದೇ ಒತ್ತಾಯಿಸಿದ್ದು. ಪಾಪ, ನಿಂತಲ್ಲೇ ಉಚ್ಚೆ ಹೊಯ್ದುಬಿಟ್ಟ. ಆಮೇಲೆ ಎರಡು ದಿನ ಹಂಡೆಯ ಹಿಂದಿನಿಂದ ಈಚೆ ಬರಲಿಲ್ಲ. 'ಅಜ್ಜಿ, ಯಾರೂ ಅವನನ್ನು ಕರೆಯುವುದು ಬೇಡ, ನೋಡುವುದೂ ಬೇಡ, ಅವನಾಗಿ ಬರಲಿ' ಎಂದು ನೀನು ಫೋನಿನಲ್ಲಿ ಬೈದಾಗ ನನಗೆ ಸಿಟ್ಟೇ ಬಂದಿತ್ತು. ಮನೆಗೆ ಬಂದವನನ್ನು ಮಾತಾಡಿಸದೆ ಕೂರುವುದು ಎಂತ ಮರ್ಯಾದೆ!

ಆದರೂ ಹಾಗೇ ಮಾಡಿದೆ. ಜೊತೆಗೆ ನನ್ನದೇ ಒಂದು ಉಪಾಯ ಸೇರಿಸಿದೆ. ಬಂದವರಿಗೆ ಬೆಲ್ಲ-ನೀರು ಕೊಡುತ್ತೇವಲ್ಲ, ಅದೇ ತಟ್ಟೆಯಲ್ಲಿ ಇನ್ನೊಂದು ಬಟ್ಟಲಿಟ್ಟೆ, ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನಿನದ್ದು. ಬೆಲ್ಲ ನೆಂಟರಿಗೆ, ಮೀನು ಪಿಂಟುವಿಗೆ. ಅವನತ್ತ ನೋಡದೆ ಒಂದು ತುಂಡು ನೆಲಕ್ಕೆ ಹಾಕಿ ಸುಮ್ಮನೆ ಕೂರಬೇಕು. ಪಕ್ಕದ ಮನೆಯ ಅಮ್ಮಣಿ ಕಾಲು ಗಂಟೆ ಬಾಯಿ ಮುಚ್ಚಿ ಕೂತಳೆಂದರೆ ನಂಬುತ್ತೀಯಾ? ಅವಳ ಗಂಡನೇ ನಂಬಲಿಲ್ಲ. ಮೊದಮೊದಲು ಜನ ಹೋದ ಮೇಲೆ ಬಂದು ತಿನ್ನುತ್ತಿದ್ದವನು ಹೋದ ವಾರದಿಂದ ಅವರ ಕೈಯಿಂದಲೇ ತಿನ್ನುತ್ತಿದ್ದಾನೆ. ಗುರುವಾರ ಆಟೋದಲ್ಲಿ ಪೇಟೆಗೂ ಕರೆದುಕೊಂಡು ಹೋದೆ. ಮುಳ್ಳೇರಿಯದ ಬಸ್ಸು ಹಾರ್ನ್ ಹೊಡೆದಾಗ ಒಮ್ಮೆ ಬೆಚ್ಚಿಬಿದ್ದ, ನನ್ನ ಮುಖ ನೋಡಿದ, ಸೀರೆಗೆ ಒರಗಿ ಕೂತುಬಿಟ್ಟ. ಓಡಲಿಲ್ಲ ಮಗಾ! ನೀನು ಹತ್ತನೆಯಲ್ಲಿ ಎಲ್ಲದಕ್ಕೂ ಎ ಪ್ಲಸ್ ತಂದ ದಿನವೂ ನಾನು ಇಷ್ಟು ಬೀಗಿರಲಿಲ್ಲ. ಬೇಜಾರು ಮಾಡಬೇಡ.

ನಿನ್ನಪ್ಪ ಮಾತ್ರ ಬೆಳಿಗ್ಗೆ ಅಂಗಡಿಗೆ ಹೋದರೆ ಕತ್ತಲಾದ ಮೇಲೆ ಬರುವವನು, ಇದೊಂದನ್ನೂ ಕಣ್ಣಾರೆ ಕಂಡಿಲ್ಲ. ನಾನು ಹೇಳಿದ್ದಕ್ಕೆಲ್ಲ 'ಆಯ್ತಮ್ಮ' ಎನ್ನುತ್ತಾನೆ, ಅಷ್ಟೇ. ನಾಳೆ ಪಿಂಟುವನ್ನು ಕಳಿಸಿಬಿಡುತ್ತಾನೋ ಎಂದು ನನಗೆ ಊಟವೇ ಸೇರುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಾಕು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ಜಲಜಾಕ್ಷಿ

ತಾ.ಕ.: ಭಾನುವಾರ, ಹನ್ನೊಂದು ಗಂಟೆ. ವಿಜೇತ ಈಗಷ್ಟೇ ಹೋದ. ಅವನ ಜೀಪು ಕಂಡು ಹೆದರಿದವಳು ನಾನೇ, ಪಿಂಟು ನಡುಗಲಿಲ್ಲ. ಎಲ್ಲರಿಗೂ ಕೊಟ್ಟ ಹಾಗೆ ವಿಜೇತನಿಗೂ ತಟ್ಟೆ ಕೊಟ್ಟೆ. ಪಿಂಟು ಅವನ ಕೈಯಿಂದ ಮೀನು ತಿಂದ, ಬಾಲವನ್ನೂ ಆಡಿಸಿದ. ವಿಜೇತ ಜೀಪಿನ ಬಾಗಿಲು ತೆಗೆದು ಕರೆದ. ಗೇಟಿನವರೆಗೆ ಅವನ ಜೊತೆಗೇ ಹೋದ ಪಿಂಟು ಅಲ್ಲೇ ನಿಂತ, ನೆಂಟರನ್ನು ಕಳಿಸಿಕೊಡುವಾಗ ನಾವು ನಿಲ್ಲುತ್ತೇವಲ್ಲ, ಹಾಗೆ. ಮತ್ತೆ ತಿರುಗಿ ಬಂದು ಜಗಲಿಯಲ್ಲಿ ಕೂತಿದ್ದ ನಿನ್ನಪ್ಪನ ಪಾದದ ಮೇಲೆ ತಲೆಯಿಟ್ಟು ಮಲಗಿದ. ನಿನ್ನಪ್ಪ ಕಾಲು ಅಲುಗಿಸದೆ, ಕೂತಲ್ಲಿಂದಲೇ ವಿಜೇತನಿಗೆ ಹೇಳಿದ: 'ನೀವು ಹೋಗಿ ಬನ್ನಿ ಮಾರಾಯ್ರೆ. ನನಗೆ ಏಳಲಿಕ್ಕೆ ಆಗುವುದಿಲ್ಲ, ನಮ್ಮವ ಮಲಗಿದ್ದಾನೆ.'