ಅರಿಶಿನ ಕುಂಕುಮಕ್ಕೆ ಕರೆದು ತೊಟ್ಟಿಲು ನೋಡಿಹೋದವರು

ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಗೌರವ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಕೊಟ್ಟ ಉಪಾಧ್ಯಾಯಿನಿಯ ಕೆಲಸವನ್ನು ನೀವು ನನ್ನಿಂದ ಕಿತ್ತುಕೊಂಡದ್ದು ನನಗೊಂದು ಹಸುಗೂಸಿದೆ ಎಂಬ ಕಾರಣಕ್ಕೆ. ಹಾಗೇನಿಲ್ಲ, ಹುದ್ದೆಯೇ ರದ್ದಾಗಿದೆ ಎನ್ನುತ್ತದೆ ನಿಮ್ಮ ಕಚೇರಿ. ನಾನು ನಂಬುವುದಿಲ್ಲ. ಏಕೆಂದು ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆಯೇ ಹೇಳುತ್ತೇನೆ.

ಸಂದರ್ಶನದಲ್ಲಿ ತಾವು ಬಹಳ ಸೌಜನ್ಯದಿಂದ ನಡೆದುಕೊಂಡಿರಿ. ಗಣಿತ ಕೇಳಿದಿರಿ, ಸಂಸಾರದ ವಿಷಯ ಎತ್ತಲಿಲ್ಲ. "ಸೋಮವಾರದಿಂದ ಬಂದ್ಬಿಡೀಮ್ಮ" ಎಂದಿರಿ. ಆ ಶುಕ್ರವಾರ ನಿಮ್ಮ ಆಡಳಿತ ಮಂಡಳಿಯ ಸದಸ್ಯರೊಬ್ಬರ ಪತ್ನಿ ಕುಂಕುಮದ ಬಟ್ಟಲು ಹಿಡಿದು ಚಾಮರಾಜಪೇಟೆಯ ನಮ್ಮ ಮನೆಗೆ ಬಂದರು. ಮರುದಿನ ಸಂಜೆ ಅವರಲ್ಲಿ ಅರಿಶಿನ ಕುಂಕುಮವಂತೆ. ಗುರುತಿಲ್ಲದ ನಮ್ಮನ್ನೇಕೆ ಕರೆಯುತ್ತಾರೆ ಎಂದು ನನಗೆ ಆಗಲೇ ಕಸಿವಿಸಿಯಾಯಿತು. ಆದರೆ ಕುಂಕುಮ ಹಿಡಿದು ಬಂದ ಮುತ್ತೈದೆಯನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದುಂಟೇ? ನಮ್ಮತ್ತೆ ಬಸವಮ್ಮನವರು ಮಣೆ ಹಾಕಿದರು. "ಮನೇಲಿ ಚಿಕ್ಕ ಮಕ್ಳೇನಾದ್ರೂ ಇದಾವಾ?" ಎಂದು ಆಕೆ ಕೇಳಿದ್ದೇ ತಡ, ಅತ್ತೆಯವರು ನನ್ನ ಮಗಳನ್ನು ತೊಟ್ಟಿಲಿನಿಂದೆತ್ತಿ ಆಕೆಯ ಮಡಿಲಿಗೇ ಹಾಕಿದರು. "ಐದು ತಿಂಗ್ಳಮ್ಮ. ನೀವೂ ಹರಸಿ." ಆಕೆ ಹರಸಿದರು. ಹಾಲು ಬಿಡಿಸಿದೆಯೇ, ಜ್ವರಗಿರ ಬರುತ್ತದೆಯೇ ಎಂದೆಲ್ಲ ಕೇಳಿಕೊಂಡು ಹೋದರು.

ಮರುದಿನ ಮದುವೆಯ ಸೀರೆ ಉಟ್ಟು ಬಸವನಗುಡಿಯ ಅವರ ಮನೆಗೆ ಹೋದೆ. ಬಾಗಿಲಲ್ಲಿ ರಂಗೋಲಿಯಿಲ್ಲ, ಒಳಗೆ ಹೆಂಗಸರ ಸದ್ದಿಲ್ಲ. ಅಡುಗೆಯಾಕೆ ಬಂದು, "ಇವತ್ತಾ? ಇವತ್ತೇನೂ ಇಲ್ವಲ್ಲಮ್ಮ, ಅಮ್ಮಾವ್ರು ಸಿನಿಮಾಕ್ಕೋಗಿದಾರೆ" ಎಂದಳು. ಸೋಮವಾರ ಶಾಲೆಗೆ ಹೋದರೆ ನಿಮ್ಮ ಗುಮಾಸ್ತರು ಹುದ್ದೆ ರದ್ದಾದ ಸುದ್ದಿ ಕೊಟ್ಟರು. ರದ್ದಾದ ಆ ಹುದ್ದೆಯಲ್ಲಿ ಬುಧವಾರದಿಂದ ಮಹನೀಯರೊಬ್ಬರು ಪಾಠ ಮಾಡುತ್ತಿದ್ದಾರೆ. ಅವರಿಗೆ ಐವರು ಮಕ್ಕಳಂತೆ, ಕೊನೆಯದು ಕೈಗೂಸಂತೆ. ಅವರ ಮನೆಗೆ ಯಾರೂ ಕುಂಕುಮ ಹಿಡಿದು ಹೋಗಲಿಲ್ಲವೇ? ಅಥವಾ ಗಂಡಸಿನ ಮನೆಯ ತೊಟ್ಟಿಲು ತನ್ನಷ್ಟಕ್ಕೆ ತಾನೇ ತೂಗಿಕೊಳ್ಳುತ್ತದೆಯೇ?

ನನ್ನ ಪತಿ ಈ ಬೇಸಿಗೆಯಲ್ಲಿ ಬಸ್ಸಿನಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾರೆ. ನಾನು ದುಡಿಯದೆ ಒಲೆ ಉರಿಯುವುದಿಲ್ಲ. ಮಗುವನ್ನು ನೋಡಿಕೊಳ್ಳಲು ಅತ್ತೆಯವರಿದ್ದಾರೆ. ನೀವು ನನ್ನನ್ನು ನೇರವಾಗಿ ಕೇಳಿದ್ದರೆ ಹೇಳುತ್ತಿದ್ದೆ. ಈಗ ಅತ್ತೆಯವರು ಸರಿಯಾಗಿ ಊಟ ಮಾಡುತ್ತಿಲ್ಲ. "ನಾನೇ ಕಣೇ ಹಾಳು ಮಾಡಿದ್ದು, ಮಗೂನ ತೋರಿಸ್ಬಾರ್ದಿತ್ತು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಯಾರಾದರೂ ಬಾಗಿಲು ತಟ್ಟಿದರೆ ಕೂಸನ್ನೆತ್ತಿಕೊಂಡು ಅಡುಗೆಮನೆ ಸೇರುತ್ತಾರೆ.

ನನ್ನ ಕೆಲಸ ನನಗೆ ಕೊಡಿ. ಅದಕ್ಕೂ ಮೊದಲು ತಾವೇ ನಮ್ಮ ಮನೆಗೆ ಬಂದು, ಮೊಮ್ಮಗಳನ್ನು ತೋರಿಸಿದ್ದು ತಪ್ಪಲ್ಲವೆಂದು ಅವರಿಗೆ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ,
ಗಣಿತದಲ್ಲಿ ಪಾಸಾಗಿ ತಾಯ್ತನದಲ್ಲಿ ಫೇಲಾದ,
ಶಿವಕುಮಾರಿ, ಬಿ.ಎ.
ಚಾಮರಾಜಪೇಟೆ, ೧೯೫೪